ತೂಕದ ಯಂತ್ರ ಕಳುಹಿಸುವ ‘ಕಸ’ವನ್ನು ಮೊದಲು ಓದಿ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ರೇಷ್ಮೆ ನೂಲು ಬಿಚ್ಚುವ ಘಟಕವೊಂದಕ್ಕೆ, ಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ತೂಕ ದೂರಕ್ಕೂ ಕಾಣುವಂತೆ ದೊಡ್ಡ ಅಂಕಿಗಳ ಬೋರ್ಡ್ ಮಾಡಿಕೊಡುತ್ತಿದ್ದೇನೆ. ತಕ್ಕಡಿಯ ಆರ್‌ಎಸ್-232 ಸೀರಿಯಲ್ ಪೋರ್ಟಿನಿಂದ (ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ಪೋರ್ಟ್) ನಾಲ್ಕು ಮೀಟರ್ ವೈರ್, ನಂತರ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232 ಐಸಿ, ಅಲ್ಲಿಂದ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್. ನಿಖರ ಗಡಿಯಾರಕ್ಕೆ ಬಳಸುವ ಕ್ರಿಸ್ಟಲ್ ಹಾಕಿಲ್ಲ, ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್ ಗಡಿಯಾರವೇ ಇದೆ. ವೇಗ ಸೆಕೆಂಡಿಗೆ 9600 ಬಿಟ್. ತೊಂದರೆ ಮೂರು. ಒಂದು, ಕೆಲವು ಅಂಕಿಗಳು ಯಾವಾಗಲೂ ಸರಿ, ಕೆಲವು ಯಾವಾಗಲೂ ತಪ್ಪು. 36.950 ಸರಿಯಾಗಿ ಕಾಣುತ್ತದೆ, 24.750 ಬಂದರೆ 2, 4, 7ರ ಜಾಗದಲ್ಲಿ ಬರೀ ಗೀಟುಗಳು. ಲ್ಯಾಪ್‌ಟಾಪಿಗೆ ಜೋಡಿಸಿದರೆ 2ರ ಜಾಗದಲ್ಲಿ ಮೇಲೆ ಕುಳಿತ ಪುಟ್ಟ 2 ಕಾಣುತ್ತದೆ, 1ರ ಜಾಗದಲ್ಲಿ ±. ಎರಡು, ಆಗಾಗ ಮೊದಲ ಅಂಕಿ ಹಾರಿಹೋಗಿ 36.950 ಎನ್ನುವುದು 6.950 ಆಗುತ್ತದೆ. ಮೂರು, ಬೆಳಿಗ್ಗೆ ಇಷ್ಟಾದರೂ ನಡೆಯುತ್ತದೆ, ಗೂಡು ಬೇಯಿಸುವ ಜಾಗ ಕಾದ ಮೇಲೆ ಇಡೀ ಸಾಲೇ ಕಸ. ಡಿಲೇ ಹೆಚ್ಚು ಕಡಿಮೆ ಮಾಡಿದ್ದಾಯಿತು, ಚಿಪ್ ಬದಲಿಸಿದ್ದಾಯಿತು. ವಾಚ್‌ಡಾಗ್ ಹಾಕಿದರೆ ಸರಿಹೋಗುತ್ತದೆಯೇ? ಪ್ರೋಗ್ರಾಂ ಜೊತೆಗಿಟ್ಟಿದ್ದೇನೆ.

ಉತ್ತರ: ವಾಚ್‌ಡಾಗ್ ಬೇಡ. ಸಿಕ್ಕಿಹಾಕಿಕೊಂಡ ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಓಡಿಸುವುದಷ್ಟೇ ಅದರ ಕೆಲಸ. ನಿಮ್ಮ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿಲ್ಲ, ತಪ್ಪು ಅಂಕಿಯನ್ನು ನಿಜವೆಂದು ನಂಬಿ ತೋರಿಸುತ್ತಿದೆ. ಡಿಲೇ ಬದಲಿಸುವುದನ್ನೂ ಇಲ್ಲಿಗೆ ನಿಲ್ಲಿಸಿ. ಕಾರಣ ತಿಳಿಯದೆ ಡಿಲೇ ಬದಲಿಸಿದಾಗ ದೋಷ ಹೋಗುವುದಿಲ್ಲ, ಕಾಣಿಸಿಕೊಳ್ಳುವ ಹೊತ್ತು ಬದಲಾಗುತ್ತದೆ, ಆಮೇಲೆ ಅದನ್ನು ಹಿಡಿಯುವುದು ಇನ್ನೂ ಕಷ್ಟ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಪುಟ್ಟ 2ರ ಮಾತು. ಹೆಚ್ಚಿನವರು ‘ಜಂಕ್ ಬರುತ್ತಿದೆ’ ಎಂದು ಬರೆದು ಸುಮ್ಮನಾಗುತ್ತಾರೆ. ನೀವು ಆ ಕಸದ ಆಕಾರವನ್ನು ಗಮನಿಸಿದ್ದೀರಿ. ಸೀರಿಯಲ್ ಸಂಪರ್ಕದಲ್ಲಿ ಕಸ ಹೇಗೆಂದರೆ ಹಾಗೆ ಬರುವುದಿಲ್ಲ. ಗಡಿಯಾರ ತಪ್ಪಿದ್ದರೆ ಒಂದು ಬಗೆ, ಫ್ರೇಮಿನ (ಒಂದು ಅಕ್ಷರವನ್ನು ಹೊತ್ತು ತರುವ ಬಿಟ್‌ಗಳ ಸಾಲಿನ) ರೂಪ ತಪ್ಪಿದ್ದರೆ ಇನ್ನೊಂದು ಬಗೆ, ಬೈಟ್ ಕಳೆದುಹೋದರೆ ಮತ್ತೊಂದು ಬಗೆ. ನಿಮ್ಮ ಮೂರು ತೊಂದರೆಗಳು ಇದೇ ಮೂರು ಬೇರೆ ಬೇರೆ ದೋಷಗಳು, ಒಂದೇ ಬೋರ್ಡಿನಲ್ಲಿ ಒಟ್ಟಿಗೆ ಸೇರಿಕೊಂಡಿವೆ. ಒಂದನ್ನು ಸರಿಪಡಿಸಿದಾಗ ಉಳಿದೆರಡು ಕಾಟ ಕೊಡುತ್ತಲೇ ಇದ್ದುದರಿಂದ ನಿಮಗೆ ಯಾವ ಪ್ರಯತ್ನವೂ ಫಲಿಸಿದಂತೆ ಕಂಡಿಲ್ಲ.

ಮೊದಲ ಕೆಲಸ, ಬಂದ ಬೈಟುಗಳನ್ನು ಅಕ್ಷರವಾಗಿ ನೋಡದೆ ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆಯಾಗಿ ನೋಡುವುದು. ಲ್ಯಾಪ್‌ಟಾಪಿನ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಹೆಕ್ಸ್ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. 36.950 ಬಂದಾಗ 33 36 2ಇ 39 35 30 ಎಂದು ಕಾಣುತ್ತದೆ. ಇದು ಆಸ್ಕಿ ಸಂಕೇತ: ಅಂಕಿ 0ಗೆ 30, 9ಕ್ಕೆ 39, ಚುಕ್ಕಿಗೆ 2ಇ. ಈಗ ತಕ್ಕಡಿಯ ಮೇಲೆ 24.750 ಕಿಲೋ ಇಟ್ಟು ನೋಡಿ. 32 34 2ಇ 37 35 30 ಬರಬೇಕು. ನಿಮಗೆ ಕಾಣುವುದು ಬಿ2 ಬಿ4 2ಇ ಬಿ7 35 30. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. 32 ಹೋಗಿ ಬಿ2, 34 ಹೋಗಿ ಬಿ4, 37 ಹೋಗಿ ಬಿ7. ಮೂರರಲ್ಲೂ ತುದಿಯ ಎಂಟನೆಯ ಬಿಟ್ ಒಂದೇ 0 ಇದ್ದದ್ದು 1 ಆಗಿದೆ, ಉಳಿದ ಏಳೂ ಬಿಟ್‌ಗಳು ಇದ್ದಂತೆಯೇ ಇವೆ. ಗದ್ದಲದಿಂದ ಕೆಟ್ಟ ಬೈಟಿನಲ್ಲಿ ಇಷ್ಟು ಶಿಸ್ತು ಇರಲಾರದು.

ಯಾವ ಅಂಕಿಗಳು ಕೆಡುತ್ತವೆ ಎಂದು ನೋಡಿದರೆ ಗುಟ್ಟು ಪೂರ್ತಿ ಬಿಡಿಸಿಕೊಳ್ಳುತ್ತದೆ. 32 ಎಂಬುದನ್ನು ಏಳು ಬಿಟ್‌ನಲ್ಲಿ ಬರೆದರೆ 0110010, ಇದರಲ್ಲಿ ಮೂರು ಒಂದುಗಳಿವೆ. 33 ಎಂಬುದು 0110011, ಇದರಲ್ಲಿ ನಾಲ್ಕು. ಹೀಗೆ ಎಣಿಸುತ್ತ ಹೋದರೆ 1, 2, 4, 7, 8 ಈ ಐದು ಅಂಕಿಗಳಲ್ಲಿ ಒಂದುಗಳ ಸಂಖ್ಯೆ ಬೆಸ. 0, 3, 5, 6, 9ರಲ್ಲಿ ಸಮ. ಚುಕ್ಕಿಯಲ್ಲೂ ಸಮ. ಕೆಡುತ್ತಿರುವುದು ಸರಿಯಾಗಿ ಬೆಸ ಗುಂಪು, ಉಳಿಯುತ್ತಿರುವುದು ಸಮ ಗುಂಪು. ಅಂದರೆ ನಿಮ್ಮ ತಕ್ಕಡಿ ಕಳುಹಿಸುತ್ತಿರುವುದು ಏಳು ಡೇಟಾ ಬಿಟ್, ಅದರ ಹಿಂದೆ ಒಂದು ಸಮ ಪ್ಯಾರಿಟಿ ಬಿಟ್ (ಒಂದುಗಳ ಒಟ್ಟು ಸಂಖ್ಯೆ ಸಮವಾಗುವಂತೆ ಸೇರಿಸುವ ತಪಾಸಣೆಯ ಬಿಟ್), ಒಂದು ಸ್ಟಾಪ್ ಬಿಟ್. ನಿಮ್ಮ ಪ್ರೋಗ್ರಾಂ ಓದುತ್ತಿರುವುದು ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್. ಎರಡರಲ್ಲೂ ಸ್ಟಾರ್ಟ್ ಬಿಟ್ ಸೇರಿ ಒಟ್ಟು ಹತ್ತೇ ಬಿಟ್. ಉದ್ದ ಹೊಂದಿಕೊಂಡಿರುವುದರಿಂದ ಚಿಪ್ ಯಾವ ದೂರನ್ನೂ ಹೇಳದೆ ಪ್ಯಾರಿಟಿ ಬಿಟ್ಟನ್ನೇ ಎಂಟನೆಯ ಡೇಟಾ ಬಿಟ್ ಎಂದು ತೆಗೆದುಕೊಳ್ಳುತ್ತದೆ. ಬಿ2 ಎಂಬ ಬೈಟನ್ನು ಲ್ಯಾಪ್‌ಟಾಪಿನ ಅಕ್ಷರ ಕೋಷ್ಟಕ ಪುಟ್ಟ 2 ಎಂದೂ, ಬಿ1 ಎಂಬುದನ್ನು ± ಎಂದೂ ತೋರಿಸುತ್ತದೆ. ನಿಮ್ಮ ಬೋರ್ಡಿನಲ್ಲಿ ಗೀಟುಗಳು ಮೂಡಲು ಕಾರಣವೂ ಇದೇ: ಬಂದ ಬೈಟಿನಿಂದ 30 ಕಳೆದು ಅದನ್ನೇ ಅಂಕಿಗಳ ಪಟ್ಟಿಗೆ ಸೂಚಿಯಾಗಿ ಬಳಸಿದ್ದೀರಿ, ಹತ್ತು ಮನೆಯ ಪಟ್ಟಿಯಾಚೆ ಮೆಮೊರಿಯಲ್ಲಿ ಎಲ್ಲೋ ಇದ್ದದ್ದನ್ನು ಚಿಪ್ ದೀಪಗಳ ಮೇಲೆ ಮೂಡಿಸುತ್ತಿದೆ. ಸೂಚಿ 0ರಿಂದ 9ರೊಳಗಿದೆಯೇ ಎಂಬ ಪರೀಕ್ಷೆ ಅಲ್ಲಿ ಇರಲೇಬೇಕು.

ಆಸ್ಕಿ ಸಂಕೇತ 1963ರಲ್ಲಿ ಏಳು ಬಿಟ್‌ಗಳಿಗೆಂದೇ ರೂಪುಗೊಂಡಿತು. ಉಳಿಯುವ ಎಂಟನೆಯ ಜಾಗವನ್ನು ಪ್ಯಾರಿಟಿಗೆ ಕೊಡುವ ಪದ್ಧತಿ ಹಳೆಯದು, ಮತ್ತು ತೂಕದ ಯಂತ್ರಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಇದನ್ನು ತಯಾರಕರ ತಪ್ಪು ಎನ್ನಬೇಡಿ, ನಿಮಗೆ ಇದರಿಂದ ಲಾಭವೇ ಇದೆ.

ಅದು ಹೇಗೆಂದರೆ: ಇಲ್ಲಿ ಅನೇಕರು ಹಿಡಿಯುವ ಅಡ್ಡದಾರಿ, ಬಂದ ಬೈಟಿನ ಎಂಟನೆಯ ಬಿಟ್ಟನ್ನು ಒರೆಸಿಹಾಕುವುದು. ಬಿ2 ಮತ್ತೆ 32 ಆಗುತ್ತದೆ, ಬೋರ್ಡ್ ಸರಿಯಾಗಿ ತೋರಿಸುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ತಕ್ಕಡಿ ಪ್ರತಿ ಅಕ್ಷರದ ಜೊತೆ ಒಂದು ಸಾಕ್ಷಿಯನ್ನೂ ಕಳುಹಿಸುತ್ತಿರುವಾಗ ಅದನ್ನು ಒರೆಸುವುದು ಏಕೆ? ಚಿಪ್ಪಿನ ಸೀರಿಯಲ್ ವಿಭಾಗವನ್ನೇ ಏಳು ಬಿಟ್, ಸಮ ಪ್ಯಾರಿಟಿಗೆ ಹೊಂದಿಸಿ. ಯುಸಿಎಸ್‌ಆರ್0ಸಿ ರಿಜಿಸ್ಟರಿನಲ್ಲಿ (ಚಿಪ್ಪಿನ ಹೊಂದಾಣಿಕೆಯ ಬಿಟ್‌ಗಳಿರುವ ಮನೆ) ಯುಪಿಎಂ01 ಒಂದು, ಯುಪಿಎಂ00 ಸೊನ್ನೆ, ಯುಸಿಎಸ್‌ಜೆಡ್01 ಒಂದು, ಯುಸಿಎಸ್‌ಜೆಡ್00 ಸೊನ್ನೆ. ಆಗ ಪ್ಯಾರಿಟಿಯನ್ನು ಚಿಪ್ಪೇ ತೆಗೆದು ನಿಮಗೆ ಏಳು ಬಿಟ್ ಕೊಡುತ್ತದೆ, ಎಲ್ಲಾದರೂ ಒಂದು ಬಿಟ್ ಕೆಟ್ಟಿದ್ದರೆ ದೋಷದ ಗುರುತನ್ನೂ ಎತ್ತುತ್ತದೆ. ಗೂಡಿನ ತೂಕ ತಪ್ಪಾದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಯಿತೆಂಬ ರೆಂಡಿಟ್ಟಾ ಲೆಕ್ಕವೇ ತಪ್ಪುತ್ತದೆ. ಅಂಥ ಕಡೆ ಪುಕ್ಕಟೆ ಸಿಗುವ ಕಾವಲನ್ನು ಬಿಡಬಾರದು.

(ಇದೇ ರೀತಿ ಓದಲು ಬರುವ ಇನ್ನೆರಡು ಬಗೆಗಳಿವೆ. 0, 3, 5, 6, 9 ಕೆಟ್ಟು 1, 2, 4, 7, 8 ಸರಿಯಿದ್ದರೆ ಅದು ಬೆಸ ಪ್ಯಾರಿಟಿ. ಹತ್ತಕ್ಕೆ ಹತ್ತೂ ಅಂಕಿಗಳಲ್ಲಿ ಎಂಟನೆಯ ಬಿಟ್ 1 ಆಗಿದ್ದರೆ ಏಳು ಬಿಟ್, ಪ್ಯಾರಿಟಿ ಇಲ್ಲ, ಎರಡು ಸ್ಟಾಪ್ ಇರುವ ಸಾಧ್ಯತೆ ಹೆಚ್ಚು.)

ಈಗ ಹಾರಿಹೋಗುವ ಮೊದಲ ಅಂಕಿ. ನಿಮ್ಮ ಪ್ರೋಗ್ರಾಂ ಸಾಲಿನ ಆರಂಭವನ್ನಾಗಲಿ ಕೊನೆಯನ್ನಾಗಲಿ ಹುಡುಕುವುದಿಲ್ಲ, ಇಂತಿಷ್ಟು ಅಕ್ಷರ ಎಂದು ಎಣಿಸಿ ಓದುತ್ತದೆ. ಸಾಲಿನ ಕೊನೆಯನ್ನು ಹುಡುಕುವ ಭಾಗವನ್ನು ಬರೆದು ಮುಚ್ಚಿಟ್ಟಿರುವುದೂ ಅದರಲ್ಲಿ ಕಾಣುತ್ತದೆ. ಅದು ಏಕೆ ಕೆಲಸ ಮಾಡಲಿಲ್ಲ ಎಂಬುದು ಈಗ ನಿಮಗೆ ಹೊಳೆದಿರಬೇಕು. ಸಾಲು ಮುಗಿಸುವ ಕ್ಯಾರೇಜ್ ರಿಟರ್ನ್ ಬೈಟ್ 0ಡಿ. ಅದರಲ್ಲಿ ಮೂರು ಒಂದುಗಳಿವೆ, ಹಾಗಾಗಿ ಪ್ಯಾರಿಟಿ ಸೇರಿ ನಿಮಗೆ 8ಡಿ ಆಗಿ ಬರುತ್ತಿತ್ತು. ಬಾರದ ಬೈಟಿಗೆ ನಿಮ್ಮ ಪ್ರೋಗ್ರಾಂ ಕಾಯುತ್ತಿತ್ತು. ಆ ಯೋಚನೆ ಸರಿಯಾಗಿಯೇ ಇತ್ತು. ಫ್ರೇಮಿನ ರೂಪ ಸರಿಮಾಡಿದ ಮೇಲೆ ಅದನ್ನೇ ವಾಪಸು ತನ್ನಿ.

ಆದರೆ ಅಷ್ಟಕ್ಕೆ ಮುಗಿಯದು, ಬೈಟುಗಳು ನಿಜವಾಗಿಯೂ ಕಳೆದುಹೋಗುತ್ತಿವೆ. 9600 ವೇಗದಲ್ಲಿ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೋಸೆಕೆಂಡ್, ಹತ್ತು ಬಿಟ್ಟಿನ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ನೀವು ಪ್ರತಿ ಸಲ ಅಂಕಿ ಬದಲಿಸಿದ ಮೇಲೆ 200 ಮಿಲಿಸೆಕೆಂಡ್ ಡಿಲೇ ಕೊಟ್ಟಿದ್ದೀರಿ. ತಕ್ಕಡಿ ಬಿಡದೆ ಕಳುಹಿಸುತ್ತಿದ್ದರೆ ಅಷ್ಟರಲ್ಲಿ 190ಕ್ಕೂ ಹೆಚ್ಚು ಅಕ್ಷರಗಳು ಬರಬಹುದು. ಎಟಿಮೆಗಾ328ಪಿ ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಎರಡು ಪೂರ್ತಿ ಬೈಟ್, ಜೊತೆಗೆ ಒಳಬರುತ್ತಿರುವ ಇನ್ನೊಂದು. ಮಿಕ್ಕದ್ದೆಲ್ಲ ಹೋಯಿತು. ನಿಮ್ಮ ಪ್ರೋಗ್ರಾಂ ಮತ್ತೆ ಓದಲು ಬರುವ ಹೊತ್ತಿಗೆ ಯಾವುದೋ ಸಾಲಿನ ನಡುಭಾಗ ಬರುತ್ತಿರುತ್ತದೆ. 36.950 ರಲ್ಲಿ 3 ಆಗಲೇ ಹೋಗಿದ್ದರೆ 6ರಿಂದ ಎಣಿಕೆ ಶುರು. ಡಿಲೇ ಬದಲಿಸಿದಾಗ ಈ ತೊಂದರೆ ಕಡಿಮೆಯಾದಂತೆ ಕಂಡು ಮರಳಿ ಬಂದದ್ದಕ್ಕೆ ಕಾರಣ ಇದು.

ಓದುವ ಕೆಲಸವನ್ನು ಇಂಟರಪ್ಟಿಗೆ (ನಡೆಯುತ್ತಿರುವ ಕೆಲಸವನ್ನು ತಡೆದು ಕೂಡಲೇ ಓಡುವ ಪುಟ್ಟ ಪ್ರೋಗ್ರಾಮಿಗೆ) ಒಪ್ಪಿಸಿ. ಬೈಟ್ ಬಂದ ಕೂಡಲೇ ಇಂಟರಪ್ಟ್ ರೂಟೀನ್ ಅದನ್ನು 64 ಬೈಟಿನ ಸುತ್ತುಬಫರಿಗೆ (ತುದಿ ಮುಟ್ಟಿದರೆ ಮತ್ತೆ ಮೊದಲಿನಿಂದ ತುಂಬುವ ಮೆಮೊರಿ ಜಾಗಕ್ಕೆ) ಹಾಕಿ ಹಿಂತಿರುಗಬೇಕು, ಬೇರೇನೂ ಮಾಡಬಾರದು. ಅಲ್ಲಿ ಒಂದು ಸೂಕ್ಷ್ಮವಿದೆ: ಮೊದಲು ಸ್ಥಿತಿಯ ರಿಜಿಸ್ಟರ್ ಯುಸಿಎಸ್‌ಆರ್0ಎ ಓದಿ, ಆಮೇಲೆ ಡೇಟಾ ರಿಜಿಸ್ಟರ್ ಯುಡಿಆರ್0 ಓದಬೇಕು. ಹಿಂದುಮುಂದಾದರೆ ದೋಷದ ಗುರುತುಗಳು ಆ ಬೈಟಿನವು ಎನ್ನುವ ಖಾತ್ರಿ ಇರುವುದಿಲ್ಲ. ಗುರುತುಗಳು ಮೂರು: ಫ್ರೇಮ್ ದೋಷ, ಓವರ್‌ರನ್ (ಓದುವ ಮೊದಲೇ ಬೈಟ್ ಕಳೆದುಹೋದದ್ದು), ಪ್ಯಾರಿಟಿ ದೋಷ. ಮೂರಕ್ಕೂ ಒಂದೊಂದು ಎಣಿಕೆ ಇಟ್ಟುಕೊಳ್ಳಿ. ಎಷ್ಟೋ ಪುಟ ಓದಿದರೂ ಸಿಗದ ಉತ್ತರ ಈ ಮೂರು ಸಂಖ್ಯೆಗಳಲ್ಲಿ ಸಿಗುತ್ತದೆ. ಓವರ್‌ರನ್ ಏರುತ್ತಿದ್ದರೆ ಪ್ರೋಗ್ರಾಂ ನಿಧಾನ, ಫ್ರೇಮ್ ದೋಷ ಏರುತ್ತಿದ್ದರೆ ಮೊದಲು ಗಡಿಯಾರವನ್ನೂ ಫ್ರೇಮಿನ ರೂಪವನ್ನೂ ನೋಡಿ, ಪ್ಯಾರಿಟಿ ಮಾತ್ರ ಅಪರೂಪಕ್ಕೆ ಏರುತ್ತಿದ್ದರೆ ವೈರಿನಲ್ಲಿ ಗದ್ದಲವಿದೆಯೇ ಹುಡುಕಿ.

ಇಂಟರಪ್ಟ್ ಮತ್ತು ಮುಖ್ಯ ಪ್ರೋಗ್ರಾಂ ಎರಡೂ ಮುಟ್ಟುವ ಚರಗಳಿಗೆ ವೊಲಟೈಲ್ ಎಂದು ಬರೆಯುವುದನ್ನು ಮರೆಯಬೇಡಿ. ಮರೆತರೆ ಕಂಪೈಲರ್ ಹಳೆಯ ಬೆಲೆಯನ್ನೇ ಹಿಡಿದುಕೊಂಡು ಕೂರಬಹುದು, ಅದೂ ಆಪ್ಟಿಮೈಸೇಷನ್ ಹಾಕಿದಾಗ ಮಾತ್ರ. ಬಫರಿನ ಸೂಚಿಗಳು ಎಂಟು ಬಿಟ್ಟಿನವಾಗಿರಲಿ. ತೂಕದ 32 ಬಿಟ್ ಸಂಖ್ಯೆಯನ್ನು ಇಂಟರಪ್ಟಿನೊಳಗೆ ಕಟ್ಟಬೇಡಿ: ಈ ಚಿಪ್ ಅದನ್ನು ನಾಲ್ಕು ತುಂಡಾಗಿ ಓದುತ್ತದೆ, ಎರಡು ತುಂಡು ಹಳೆಯದು ಎರಡು ಹೊಸದು ಸೇರಿದರೆ ಯಾರೂ ತೂಗದ ತೂಕವೊಂದು ಬೋರ್ಡಿನ ಮೇಲೆ ಮಿಂಚಿ ಹೋಗುತ್ತದೆ. ಸಾಲನ್ನು ಬಿಡಿಸುವ ಕೆಲಸವೆಲ್ಲ ಮುಖ್ಯ ಪ್ರೋಗ್ರಾಮಿನಲ್ಲಿ ನಡೆಯಲಿ. ಅಲ್ಲಿರುವ ಡಿಲೇಯನ್ನೂ ತೆಗೆಯಿರಿ. ಬಫರ್ ಇದ್ದ ಮಾತ್ರಕ್ಕೆ 200 ಮಿಲಿಸೆಕೆಂಡ್ ನಿದ್ದೆಯನ್ನು ಅದು ತಡೆದುಕೊಳ್ಳಲಾರದು, 64 ಬೈಟ್ ತುಂಬಲು 67 ಮಿಲಿಸೆಕೆಂಡ್ ಸಾಕು.

ಸಾಲು ಪೂರ್ತಿಯಾದ ಮೇಲೂ ಅನುಮಾನದಿಂದಲೇ ನೋಡಿ. ಉದ್ದ ಸರಿಯಿದೆಯೇ, ಚುಕ್ಕಿ ತನ್ನ ಜಾಗದಲ್ಲಿದೆಯೇ, ಉಳಿದವೆಲ್ಲ ಅಂಕಿಗಳೇ, ಈ ಸಾಲಿನಲ್ಲಿ ಯಾವುದಾದರೂ ದೋಷದ ಗುರುತು ಎದ್ದಿತ್ತೇ? ಒಂದು ತಪ್ಪಿದರೂ ಇಡೀ ಸಾಲನ್ನು ಬಿಡಿ. ಮುಂದಿನ ಸಾಲು ಇನ್ನೇನು ಬಂದೇ ಬರುತ್ತದೆ. ಒಂದು ಸೆಕೆಂಡಿನವರೆಗೆ ಒಳ್ಳೆಯ ಸಾಲೇ ಬರದಿದ್ದರೆ ಬೋರ್ಡಿನಲ್ಲಿ ಅಡ್ಡಗೀಟುಗಳನ್ನು ತೋರಿಸಿ. ವೈರ್ ಕಿತ್ತುಹೋದ ಮೇಲೂ ಹಳೆಯ ತೂಕವನ್ನೇ ತೋರಿಸುತ್ತ ನಿಂತ ಬೋರ್ಡ್, ಏನೂ ತೋರಿಸದ ಬೋರ್ಡಿಗಿಂತ ಹೆಚ್ಚು ಅಪಾಯಕಾರಿ. ಅದನ್ನು ನೋಡಿಕೊಂಡು ಯಾರೋ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತಾರೆ.

ಮಧ್ಯಾಹ್ನದ ತೊಂದರೆಗೆ ಬರೋಣ. ಸೀರಿಯಲ್ ಸಂಪರ್ಕದಲ್ಲಿ ಗಡಿಯಾರದ ತಂತಿ ಬೇರೆ ಇರುವುದಿಲ್ಲ. ಸ್ಟಾರ್ಟ್ ಬಿಟ್ ಬಿದ್ದ ಕ್ಷಣದಿಂದ ತನ್ನದೇ ಗಡಿಯಾರದಲ್ಲಿ ಎಣಿಸಿಕೊಂಡು ಪ್ರತಿ ಬಿಟ್ಟಿನ ಮಧ್ಯದಲ್ಲಿ ಚಿಪ್ ನೋಡುತ್ತದೆ. ಹತ್ತನೆಯ ಬಿಟ್ಟಿನ ಹೊತ್ತಿಗೆ ಅರ್ಧ ಬಿಟ್ ಹಿಂದೆ ಮುಂದೆ ಆದರೆ ಮುಗಿಯಿತು, ಅಂದರೆ ಎರಡೂ ಕಡೆಯ ತಪ್ಪು ಸೇರಿ ಸುಮಾರು ಶೇಕಡಾ 5 ಎಂಬುದು ಕಟ್ಟಕಡೆಯ ಗಡಿ. ನಿಶ್ಚಿಂತೆಯಾಗಿರಬೇಕಾದರೆ ನಿಮ್ಮ ಕಡೆಯದು ಶೇಕಡಾ 2ರೊಳಗಿರಬೇಕು. ಈ ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್ ಗಡಿಯಾರಕ್ಕೆ ಕಾರ್ಖಾನೆ ಕೊಡುವ ಭರವಸೆ ಶೇಕಡಾ 10ರ ಒಳಗೆ ಎಂದಷ್ಟೇ. ಜೊತೆಗೆ ಅದು ಶಾಖ ಮತ್ತು ವೋಲ್ಟೇಜಿಗೆ ತಕ್ಕಂತೆ ಸರಿಯುತ್ತದೆ. ನಿಮ್ಮ ಚಿಪ್ ಬೆಳಿಗ್ಗೆಯೇ ಅಂಚಿನಲ್ಲಿದೆ, ಗೂಡು ಬೇಯಿಸುವ ಕೋಣೆಯ ಬಿಸಿ ಅದನ್ನು ಅಂಚಿನಿಂದಾಚೆ ತಳ್ಳುತ್ತಿದೆ. ಚಿಪ್ ಬದಲಿಸಿದಾಗ ಫಲ ಸಿಗದಿದ್ದದ್ದು ಸಹಜ. ಅದೃಷ್ಟಕ್ಕೆ ಒಳ್ಳೆಯದೊಂದು ಸಿಕ್ಕಿದ್ದರೆ ನೀವು ತೊಂದರೆ ತೀರಿತೆಂದುಕೊಂಡು, ಮುಂದಿನ ಬೋರ್ಡ್ ಮಾಡುವಾಗ ಮತ್ತೆ ಇಲ್ಲಿಗೇ ಬರುತ್ತಿದ್ದಿರಿ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಅಳೆಯಬಹುದು. ಯು ಎಂಬ ಇಂಗ್ಲಿಷ್ ದೊಡ್ಡಕ್ಷರವನ್ನು ಬಿಡುವಿಲ್ಲದೆ ಕಳುಹಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಿರಿ. ಅದರ ಸಂಕೇತ 55. ಸ್ಟಾರ್ಟ್ ಮತ್ತು ಸ್ಟಾಪ್ ಸೇರಿದಾಗ ತಂತಿಯ ಮೇಲೆ 0, 1, 0, 1 ಎಂದು ಸಮನಾಗಿ ಓಡುತ್ತದೆ. ಏಳು ಬಿಟ್ ಸಮ ಪ್ಯಾರಿಟಿಯಲ್ಲೂ ಅದು ಹಾಗೆಯೇ ಬರುತ್ತದೆ, ಆದ್ದರಿಂದ ಹೊಂದಾಣಿಕೆ ಬದಲಿಸುವ ಅಗತ್ಯವಿಲ್ಲ. ಮಲ್ಟಿಮೀಟರಿನಲ್ಲಿ ಹರ್ಟ್ಸ್ ಅಳತೆ ಇದ್ದರೆ ಚಿಪ್ಪಿನ ಟಿಎಕ್ಸ್ ಪಿನ್ನಿಗೆ ಹಿಡಿಯಿರಿ. 8 ಮೆಗಾಹರ್ಟ್ಸ್‌ಗೆ ಯುಬಿಆರ್‌ಆರ್ (ವೇಗ ನಿಗದಿಪಡಿಸುವ ರಿಜಿಸ್ಟರ್) 51 ಇಟ್ಟರೆ ನಿಜವಾದ ವೇಗ 9615, ಮೀಟರಿನಲ್ಲಿ ಅದರ ಅರ್ಧ ಸುಮಾರು 4808 ಕಾಣಬೇಕು. 4600 ಕಂಡರೆ ಗಡಿಯಾರ ಶೇಕಡಾ 4ಕ್ಕಿಂತ ಹೆಚ್ಚು ನಿಧಾನವಾಗಿದೆ. ಸರಿಯಾಗಿ ಅರ್ಧವೋ ದುಪ್ಪಟ್ಟೋ ಕಂಡರೆ ಪ್ರೋಗ್ರಾಮಿನಲ್ಲಿ ಬರೆದ ಮೆಗಾಹರ್ಟ್ಸ್ ಬೇರೆ, ಚಿಪ್ಪಿನ ಫ್ಯೂಸಿನಲ್ಲಿ (ಯಾವ ಗಡಿಯಾರ ಎಂಬಂಥ ಮೂಲ ಹೊಂದಾಣಿಕೆಯ ಬಿಟ್‌ಗಳಲ್ಲಿ) ಇರುವುದು ಬೇರೆ. ಅಂಗಡಿಯಲ್ಲಿ ಒಮ್ಮೆ, ಮಧ್ಯಾಹ್ನ ಬೋರ್ಡ್ ಇರುವ ಜಾಗದಲ್ಲೇ ಒಮ್ಮೆ ಅಳೆದು ನೋಡಿ.

ಪರಿಹಾರ ಕ್ರಿಸ್ಟಲ್ ಹಾಕುವುದು. ಒಳಗಿನ ಗಡಿಯಾರವನ್ನು ಓಎಸ್‌ಸಿಸಿಎಎಲ್ ರಿಜಿಸ್ಟರಿನಿಂದ ತಿದ್ದಲು ಸಾಧ್ಯ, ಆದರೆ ಅಷ್ಟು ಬಿಸಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಬೋರ್ಡಿಗೆ ನಾನು ಅದನ್ನು ಹೇಳುವುದಿಲ್ಲ. 8051 ಮೈಕ್ರೋಕಂಟ್ರೋಲರ್ ಕಲಿತವರಿಗೆ ಪರಿಚಿತವಾದ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು 22 ಪಿಕೊಫ್ಯಾರಡ್ ಕೆಪಾಸಿಟರ್ ಸಾಕು. ಯುಬಿಆರ್‌ಆರ್ 71 ಇಟ್ಟರೆ 9600 ಒಂದಿಷ್ಟೂ ಶೇಷವಿಲ್ಲದೆ ಬರುತ್ತದೆ. 16 ಮೆಗಾಹರ್ಟ್ಸ್ ಆದರೂ ಈ ವೇಗಕ್ಕೆ ನಡೆಯುತ್ತದೆ. ಫ್ಯೂಸ್ ಬದಲಿಸುವಾಗ ಹೊರಗಿನ ಕ್ರಿಸ್ಟಲ್ ಎಂಬುದರ ಬದಲು ಹೊರಗಿನ ಗಡಿಯಾರ ಎಂಬುದನ್ನು ಆರಿಸಿದರೆ ಚಿಪ್ ಪ್ರೋಗ್ರಾಮರಿಗೆ ಉತ್ತರಿಸುವುದನ್ನೇ ನಿಲ್ಲಿಸುತ್ತದೆ, ಎಚ್ಚರ.

ವೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್‌ಎಸ್-232ಗೆ 15 ಮೀಟರ್‌ವರೆಗೆ ಅವಕಾಶವಿದೆ, ನಿಮ್ಮ ನಾಲ್ಕು ಮೀಟರ್ ಏನೂ ಅಲ್ಲ. ಮೋಟಾರಿನ ಕೇಬಲ್ ಜೊತೆ ಕಟ್ಟಿ ಒಯ್ಯಬೇಡಿ. ಮುಂದೆ ದೂರದ ಕೋಣೆಗೆ ಒಯ್ಯಬೇಕಾಗಿ ಬಂದರೆ ಆರ್‌ಎಸ್-485ಕ್ಕೆ ಹೋಗಿ.

ದೋಷ ಹುಡುಕುವಾಗ ಇಂಟರಪ್ಟಿನೊಳಗಿಂದ ಲ್ಯಾಪ್‌ಟಾಪಿಗೆ ಸಂದೇಶ ಮುದ್ರಿಸಬೇಡಿ. ಒಂದೊಂದು ಅಕ್ಷರ ಮುದ್ರಿಸಲು ಒಂದು ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಮುಂದಿನ ಬೈಟ್ ಬಂದಿರುತ್ತದೆ. ದೋಷ ಹುಡುಕಲು ಹಾಕಿದ ಸಾಲೇ ದೋಷ ಉಂಟುಮಾಡುತ್ತದೆ. ಬದಲಿಗೆ ಖಾಲಿ ಪಿನ್ ಒಂದನ್ನು ಇಂಟರಪ್ಟಿನ ಆರಂಭದಲ್ಲಿ ಮೇಲೆತ್ತಿ ಕೊನೆಯಲ್ಲಿ ಇಳಿಸಿ. ಒಂದೊಂದಕ್ಕೂ ಗಡಿಯಾರದ ಎರಡು ಮಿಡಿತ ಸಾಕು. ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್ (ಪಿನ್ನುಗಳ 0, 1 ಬದಲಾವಣೆಯನ್ನು ದಾಖಲಿಸುವ ಸಾಧನ) ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ತಂದಿಟ್ಟುಕೊಳ್ಳಿ. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಆರ್‌ಎಕ್ಸ್ ಪಿನ್ ಮತ್ತು ಈ ಖಾಲಿ ಪಿನ್ ಎರಡನ್ನೂ ಒಟ್ಟಿಗೆ ನೋಡಿದರೆ, ಯಾವ ಬೈಟಿಗೆ ಪ್ರೋಗ್ರಾಂ ಎಷ್ಟು ತಡವಾಗಿ ಎಚ್ಚೆತ್ತಿತು ಎಂಬುದು ಕಣ್ಣೆದುರೇ ಇರುತ್ತದೆ. ಪ್ರೋಬನ್ನು ಮ್ಯಾಕ್ಸ್232ರ ಚಿಪ್ ಕಡೆಗೇ ಹಾಕಿ. ತಕ್ಕಡಿಯ ಕಡೆ 15 ವೋಲ್ಟ್‌ವರೆಗೂ ಧನ, ಋಣ ಎರಡೂ ಬರಬಹುದು, ಅನಲೈಸರ್ ಸುಟ್ಟುಹೋಗುತ್ತದೆ.

ಪ್ರತಿ ಬದಲಾವಣೆಗೂ ಘಟಕಕ್ಕೆ ಓಡಬೇಕಾಗಿಲ್ಲ. ತಕ್ಕಡಿ ಕಳುಹಿಸುವುದನ್ನು ಲ್ಯಾಪ್‌ಟಾಪಿನಲ್ಲಿ ಒಮ್ಮೆ ಕಡತವಾಗಿ ಉಳಿಸಿಕೊಳ್ಳಿ, ಅಂಗಡಿಯಲ್ಲಿ ಅದನ್ನೇ ಅದೇ ವೇಗ, ಅದೇ ಪ್ಯಾರಿಟಿಯಲ್ಲಿ ಬೋರ್ಡಿಗೆ ಕಳುಹಿಸಿ. ಅದು ನಡೆದ ಮೇಲೆ ಕಡತವನ್ನು ಬೇಕೆಂದೇ ಕೆಡಿಸಿ: ಒಂದು ಸಾಲಿನ ಮೊದಲ ಅಂಕಿ ಅಳಿಸಿ, ಇನ್ನೊಂದರ ಕೊನೆಯ ಕ್ಯಾರೇಜ್ ರಿಟರ್ನ್ ತೆಗೆಯಿರಿ, ಮತ್ತೊಂದರ ನಡುವೆ ಒಂದು ಅಕ್ಷರ ತುರುಕಿ. ಇವುಗಳಲ್ಲಿ ಒಂದು ಸಾಲಾದರೂ ತೂಕವಾಗಿ ಬೋರ್ಡಿನ ಮೇಲೆ ಬಂದರೆ ಪರೀಕ್ಷೆಗಳನ್ನು ಇನ್ನೂ ಬಿಗಿ ಮಾಡಬೇಕು.

ತಕ್ಕಡಿಯ ಮೇಲಿರುವ ಕಾನೂನು ಮಾಪನ ಇಲಾಖೆಯ ಮುದ್ರೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಹೊರಗಿರುವ ಪೋರ್ಟಿನಿಂದ ಓದುವುದಷ್ಟೇ ನಿಮ್ಮ ಕೆಲಸವಾಗಿರಲಿ, ತೂಕದ ಬಗ್ಗೆ ತಕರಾರು ಬಂದರೆ ತಕ್ಕಡಿಯ ಮುಖದ ಮೇಲಿನ ಅಂಕಿಯೇ ಅಂತಿಮ ಎಂದು ಘಟಕದವರಿಗೆ ಹೇಳಿಡಿ.

ಮೊದಲು ಕ್ರಿಸ್ಟಲ್, ಆಮೇಲೆ ಪ್ಯಾರಿಟಿ, ಆಮೇಲೆ ಇಂಟರಪ್ಟ್ ಬಫರ್, ಈ ಕ್ರಮದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರೂ ಆದ ಮೇಲೆ ಒಂದು ಪೂರ್ತಿ ದಿನ ಓಡಿಸಿ. ಆಗಲೂ ತೊಂದರೆ ಉಳಿದರೆ ಸಂಜೆಯ ಹೊತ್ತಿಗೆ ಆ ಮೂರು ದೋಷ ಎಣಿಕೆಗಳು ಎಷ್ಟಾಗಿವೆ, ಕೆಟ್ಟ ಸಾಲುಗಳು ಹೆಕ್ಸ್‌ನಲ್ಲಿ ಹೇಗಿವೆ ಎಂಬುದನ್ನು ಬರೆದು ಕಳುಹಿಸಿ, ಮುಂದಿನದನ್ನು ಅಲ್ಲಿಂದ ನೋಡೋಣ.